ವಿಮೆಯ ಜಾಹೀರಾತು ಹೇಳಿದ್ದು ಪಾಲಿಸಿಯಲ್ಲಿ ಇದೆಯೇ? ಕೊಳ್ಳುವ ಮುಂಚೆ ಹೋಲಿಸಿ ನೋಡುವ ಬಗೆ

ಕಳೆದ ಯುಗಾದಿಗೆ ತುಮಕೂರಿನ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಒಬ್ಬಟ್ಟಿನ ಊಟ ಮುಗಿಸಿ ಕೂತಿದ್ದಾಗ ಚಿಕ್ಕಪ್ಪನ ಮಗ ಮೊಬೈಲಿನಲ್ಲಿ ಎರಡು ಜಾಹೀರಾತು ತೋರಿಸಿದ. ಎರಡೂ ಆರೋಗ್ಯ ವಿಮೆಯವು. ಮೊದಲನೆಯದರಲ್ಲಿ ಅಜ್ಜ, ಅಜ್ಜಿ, ಮೊಮ್ಮಗಳು ಒಂದೇ ಸೋಫಾದಲ್ಲಿ ನಗುತ್ತಾ ಕೂತಿದ್ದರು. ಕೆಳಗೆ 'ಮೊದಲ ದಿನದಿಂದಲೇ ಸಂಪೂರ್ಣ ರಕ್ಷಣೆ' ಎಂದಿತ್ತು. ಎರಡನೆಯದರಲ್ಲಿ ಚಿತ್ರಕ್ಕಿಂತ ಅಂಕಿಯೇ ದೊಡ್ಡದು: '10 ಲಕ್ಷ. ಮುಗಿದರೆ ಮತ್ತೆ 10 ಲಕ್ಷ. ಎಷ್ಟು ಸಲ ಬೇಕಾದರೂ.'

"ಅಕ್ಕಾ, ಇವೆರಡರಲ್ಲಿ ಯಾವುದು ತಗೊಳ್ಳಲಿ? ನಿಂಗೆ ಇದೆಲ್ಲ ಗೊತ್ತಲ್ಲ," ಅಂದ.

ನನಗೆ ಗೊತ್ತಾದದ್ದು ಪೆಟ್ಟು ಬಿದ್ದ ಮೇಲೆ. ಮೂರು ವರ್ಷದ ಹಿಂದೆ ಅಪ್ಪನಿಗೆ ಮೊಣಕಾಲಿನ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆಯಿತು. 3 ಲಕ್ಷದ ಪಾಲಿಸಿ ಇತ್ತು, ಬಿಲ್ಲು ಬಂದದ್ದು 2 ಲಕ್ಷ. ಪೂರ್ತಿ ವಿಮೆಯಿಂದಲೇ ಬರುತ್ತದೆಂದು ನಂಬಿ ಕೈಯಲ್ಲಿ ಹೆಚ್ಚು ದುಡ್ಡು ಇಟ್ಟುಕೊಳ್ಳದೆ ಹೋಗಿದ್ದೆವು. ಕಂಪನಿ ಕೊಟ್ಟದ್ದು 1,12,000. ಉಳಿದ 88,000 ರೂಪಾಯಿ ಹೊಂದಿಸಲು ಡಿಸ್ಚಾರ್ಜಿನ ದಿನ ಮಧ್ಯಾಹ್ನದಿಂದ ರಾತ್ರಿಯವರೆಗೆ ನೆಂಟರಿಗೆಲ್ಲ ಫೋನು ಮಾಡಿದೆ. ಅಷ್ಟು ಹೊತ್ತೂ ಅಪ್ಪ ಗಾಲಿಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಆ ಕಂಪನಿಯ ಕರಪತ್ರದಲ್ಲಿ 'ಆಸ್ಪತ್ರೆ ಖರ್ಚಿನ ಚಿಂತೆ ನಮಗಿರಲಿ' ಎಂದು ಅಚ್ಚಾಗಿತ್ತು. ಯಾಕೆ ಕಡಿತವಾಯಿತು ಎನ್ನುವುದೂ ಪಾಲಿಸಿಯ ಪುಸ್ತಕದಲ್ಲಿ ಅಚ್ಚಾಗಿತ್ತು. ನಾವು ಓದಿದ್ದು ಕರಪತ್ರವನ್ನು ಮಾತ್ರ.

ಹಾಗಾಗಿ ತಮ್ಮನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಬಿಡಿಸಿ.

ಮೊದಲು, ಹೋಲಿಸಬೇಕಾದ್ದು ಯಾವುದನ್ನು

ಜಾಹೀರಾತಿನ ಪಕ್ಕ ಜಾಹೀರಾತು ಇಟ್ಟರೆ ಗೆಲ್ಲುವುದು ಚೆಂದದ ಚಿತ್ರ. ಅದರ ಬದಲು ಜಾಹೀರಾತಿನ ಒಂದೊಂದೇ ಮಾತನ್ನು ಹಿಡಿದು, ಇದನ್ನು ನಿಜ ಮಾಡುವ ಸಾಲು ಪಾಲಿಸಿಯಲ್ಲಿ ಎಲ್ಲಿದೆ ಎಂದು ಹುಡುಕಬೇಕು. 'ನಿಮ್ಮ ಕುಟುಂಬದ ನೆಮ್ಮದಿ' ಎನ್ನುವುದಕ್ಕೆ ಯಾವ ಪಾಲಿಸಿಯಲ್ಲೂ ಸಾಲು ಸಿಗುವುದಿಲ್ಲ. ಅದು ಬಣ್ಣದ ಮಾತು, ಬಿಟ್ಟುಬಿಡಿ. 'ಮುಗಿದರೆ ಮತ್ತೆ 10 ಲಕ್ಷ' ಎನ್ನುವುದಕ್ಕೆ ಸಾಲು ಇರುತ್ತದೆ, ಆ ಸಾಲಿನ ಜೊತೆಗೆ ಷರತ್ತೂ ಇರುತ್ತದೆ. ಹೋಲಿಕೆ ನಡೆಯಬೇಕಾದ್ದು ಈ ಕಂಪನಿಯ ಷರತ್ತಿಗೂ ಆ ಕಂಪನಿಯ ಷರತ್ತಿಗೂ ನಡುವೆ.

ನಿಯಮ ಇದರ ಪರವಾಗಿಯೇ ಇದೆ. ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದ 2000ನೇ ಇಸವಿಯಲ್ಲೇ ಜಾಹೀರಾತಿನ ನಿಯಮ ಮಾಡಿತು, 2021ರಲ್ಲೂ 2024ರಲ್ಲೂ ಅದನ್ನು ಹೊಸದಾಗಿ ಬರೆಯಿತು. ಪಾಲಿಸಿಯ ಶಕ್ತಿಗೆ ಮೀರಿದ್ದನ್ನು ಹೇಳುವ ಜಾಹೀರಾತು, ಪಾಲಿಸಿಯಲ್ಲಿ ಇರುವುದಕ್ಕೆ ಹೊಂದದ ಲಾಭವನ್ನು ವರ್ಣಿಸುವ ಜಾಹೀರಾತು, ಮುಖ್ಯವಾದ ಮಿತಿ ಷರತ್ತುಗಳನ್ನು ಬಿಟ್ಟುಬಿಡುವ ಜಾಹೀರಾತು, ಇವೆಲ್ಲ ದಾರಿ ತಪ್ಪಿಸುವವು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಗ್ರಾಹಕ ಸಂರಕ್ಷಣೆಯ ಕೇಂದ್ರ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತಿದೆ, ಅದು ನಮಗೆ ಬಹಳ ಮುಖ್ಯ: ಭರವಸೆ ಯಾವ ಭಾಷೆಯಲ್ಲಿದೆಯೋ ಷರತ್ತಿನ ಟಿಪ್ಪಣಿಯೂ ಅದೇ ಭಾಷೆಯಲ್ಲಿ ಇರಬೇಕು. ಭರವಸೆಯನ್ನು ಕನ್ನಡದಲ್ಲಿ ಕೂಗಿ ಹೇಳಿ, ಷರತ್ತನ್ನು ಪರದೆಯ ಅಡಿಯಲ್ಲಿ ಇರುವೆ ಸಾಲಿನಂತಹ ಇಂಗ್ಲಿಷ್ ಅಕ್ಷರದಲ್ಲಿ ಓಡಿಸುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಓದಲು ಬಾರದವರಿಗೆ, ಓದಲು ಸಮಯ ಕೊಡದೆ ತೋರಿಸಿದ ಷರತ್ತನ್ನು ತೋರಿಸಿದಂತೆ ಹೇಗಾಗುತ್ತದೆ?

ಎಲ್‌ಐಸಿಯ ಲಾಂಛನದ ಕೆಳಗಿರುವ 'ಯೋಗಕ್ಷೇಮಂ ವಹಾಮ್ಯಹಮ್' ಎಂಬ ಮಾತು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. 1956ರಲ್ಲಿ ನಿಗಮ ಹುಟ್ಟಿದ ಮೇಲೆ ಆ ಸಾಲು ಬಾಂಡಿನ ಮೇಲೆ, ಕ್ಯಾಲೆಂಡರಿನ ಮೇಲೆ ಮನೆಮನೆಗೆ ಬಂತು. ಅದು ಗೀತೆಯ ಒಂಬತ್ತನೇ ಅಧ್ಯಾಯದ ಶ್ಲೋಕದ ಕೊನೆಯ ಪಾದ. ಅದಕ್ಕೂ ಮುಂಚಿನ ಪಾದಗಳು ಯಾರ ಯೋಗಕ್ಷೇಮವನ್ನು ಹೊರುತ್ತೇನೆ ಎನ್ನುವುದನ್ನು ಹೇಳುತ್ತವೆ: ಬೇರೆ ಚಿಂತೆಯಿಲ್ಲದೆ ನನ್ನನ್ನೇ ನೆನೆಯುವವರದು ಎಂದು. ಷರತ್ತು ಮೊದಲು, ಭರವಸೆ ಆಮೇಲೆ. ವಿಮೆಯ ಮಾತನ್ನು ಓದಬೇಕಾದ ಕ್ರಮವೂ ಅದೇ ಎಂದು ನನಗೆ ಅನಿಸುತ್ತದೆ.

ಹೀಗೆ ಹೋಲಿಸಲು ಕೈಯಲ್ಲಿ ಇರಬೇಕಾದ್ದು ಎರಡು ಕಾಗದ. ಒಂದು ಪಾಲಿಸಿಯ ಪೂರ್ಣ ಪಠ್ಯ, ಅದು ಕಂಪನಿಯ ಜಾಲತಾಣದಲ್ಲೇ ಇರುತ್ತದೆ. ಇನ್ನೊಂದು ಗ್ರಾಹಕ ಮಾಹಿತಿ ಹಾಳೆ. 2024ರ ಜನವರಿ 1ರಿಂದ ಆರೋಗ್ಯ ವಿಮೆಯ ಪ್ರತಿ ಪಾಲಿಸಿಯ ಜೊತೆ ಈ ಹಾಳೆ ಹೊಸ ರೂಪದಲ್ಲಿ ಬರಬೇಕು: ಏನು ಸೇರಿದೆ, ಏನು ಸೇರಿಲ್ಲ, ಎಷ್ಟು ಕಾಯಬೇಕು, ಎಲ್ಲಿ ಮಿತಿ, ದೂರು ಎಲ್ಲಿಗೆ, ಎಲ್ಲ ಸರಳ ಮಾತಿನಲ್ಲಿ. ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು. ಕನ್ನಡದಲ್ಲೇ ಕೊಡಿ ಎಂದು ಇಮೇಲಿನಲ್ಲಿ ಕೇಳಿ. ನಾವು ಕೇಳದಿದ್ದರೆ ಈ ಹಕ್ಕು ಕಾಗದದಲ್ಲೇ ಉಳಿದುಹೋಗುತ್ತದೆ.

ರೂಮಿನ ಬಾಡಿಗೆ ಮತ್ತು ಕೋ-ಪೇ

ಎರಡು ಆರೋಗ್ಯ ಪಾಲಿಸಿಗಳನ್ನು ಹೋಲಿಸಲು ಹತ್ತು ನಿಮಿಷ ಮಾತ್ರ ಇದ್ದರೆ ಆ ಹತ್ತು ನಿಮಿಷವನ್ನೂ ಇಲ್ಲೇ ಕಳೆಯಿರಿ. ಅಪ್ಪನ 88,000 ಹೋದದ್ದು ಇಲ್ಲೇ.

ಲೆಕ್ಕ ಹೀಗಿತ್ತು. ಪಾಲಿಸಿಯಲ್ಲಿ ರೂಮಿನ ಬಾಡಿಗೆಗೆ ವಿಮಾ ಮೊತ್ತದ ಶೇ. 1 ಎಂದು ಮಿತಿ, ಅಂದರೆ ದಿನಕ್ಕೆ 3,000. ನಾವು ತೆಗೆದುಕೊಂಡ ರೂಮು ದಿನಕ್ಕೆ 6,000, ನಾಲ್ಕು ದಿನಕ್ಕೆ 24,000. ಡಾಕ್ಟರ ಫೀಜು, ಆಪರೇಷನ್ ಥಿಯೇಟರು, ಅರಿವಳಿಕೆ, ನರ್ಸಿಂಗ್ ಸೇರಿ 96,000. ಔಷಧಿ, ಕೂರಿಸಿದ ಕೃತಕ ಕೀಲು, ಪರೀಕ್ಷೆಗಳು 80,000. ಒಟ್ಟು 2 ಲಕ್ಷ.

ರೂಮಿನಲ್ಲಿ ಹೆಚ್ಚಾದ 12,000 ಮಾತ್ರ ನಾವು ಕೊಡಬೇಕಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಅರ್ಹತೆಗಿಂತ ದುಬಾರಿ ರೂಮು ಹಿಡಿದರೆ, ರೂಮಿನ ದರ್ಜೆಗೆ ತಕ್ಕಂತೆ ಏರುವ ಉಳಿದ ಖರ್ಚುಗಳನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. 6,000ಕ್ಕೆ 3,000 ಅರ್ಧವಾದ್ದರಿಂದ 96,000ವೂ ಅರ್ಧವಾಗಿ 48,000 ಆಯಿತು. ಔಷಧಿ, ಕೀಲು, ಪರೀಕ್ಷೆಗಳಿಗೆ ಈ ಕಡಿತ ತಗುಲಿಸುವಂತಿಲ್ಲ ಎಂಬ ನಿಯಮ 2020ರಲ್ಲಿ ಬಂದಿತ್ತು, ಆ 80,000 ಉಳಿಯಿತು. 12,000, 48,000, 80,000 ಸೇರಿ 1,40,000. ಅದರ ಮೇಲೆ ಅರವತ್ತು ದಾಟಿದವರಿಗೆ ಶೇ. 20 ಕೋ-ಪೇ, ಅಂದರೆ ಪ್ರತಿ ಕ್ಲೇಮಿನಲ್ಲೂ ಐದರಲ್ಲಿ ಒಂದು ಪಾಲು ನಮ್ಮದು. ಹಾಗೆ 28,000 ಹೋಗಿ ಉಳಿದದ್ದು 1,12,000.

ಇದೇ ಬಿಲ್ಲನ್ನು ರೂಮಿಗೆ ಮಿತಿಯಿಲ್ಲದ, ಕೋ-ಪೇ ಇಲ್ಲದ ಪಾಲಿಸಿಗೆ ಹಾಕಿದ್ದರೆ ಕೈಗವಸು, ಹತ್ತಿಯಂಥ ಸಣ್ಣಪುಟ್ಟ ಬಾಬತ್ತು ಕಳೆದು ಹೆಚ್ಚುಕಡಿಮೆ ಪೂರ್ತಿ ಬರುತ್ತಿತ್ತು. ಅಂಥ ಪಾಲಿಸಿಯ ಪ್ರೀಮಿಯಂ ಹೆಚ್ಚು, ನಿಜ. ವರ್ಷಕ್ಕೆ ಐದು ಸಾವಿರ ಹೆಚ್ಚೆಂದರೂ 88,000 ಆಗಲು ಹದಿನೇಳು ವರ್ಷಕ್ಕೂ ಹೆಚ್ಚು ಬೇಕು. ಅರವತ್ತು ದಾಟಿದವರ ಮನೆಯಲ್ಲಿ ಅಷ್ಟು ವರ್ಷ ಆಸ್ಪತ್ರೆಯ ಮೆಟ್ಟಿಲು ಹತ್ತದೆ ಕಳೆಯುವುದು ಕಷ್ಟ. ನನ್ನ ಸ್ಪಷ್ಟ ಅಭಿಪ್ರಾಯ ಇದು: ವಿಮಾ ಮೊತ್ತವನ್ನು ಬೇಕಾದರೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ, ರೂಮಿನ ಮಿತಿ ಇಲ್ಲದ ಪಾಲಿಸಿ ತೆಗೆದುಕೊಳ್ಳಿ. ಮಿತಿ ಇರುವ ಪಾಲಿಸಿಯೇ ಕೈಗೆಟುಕುವುದಾದರೆ, ದಾಖಲಾಗುವಾಗ 'ನಮ್ಮ ಪಾಲಿಸಿಯಲ್ಲಿ ಎಷ್ಟರ ರೂಮು ಬರುತ್ತದೋ ಅದನ್ನೇ ಕೊಡಿ' ಎಂದು ಆಸ್ಪತ್ರೆಯ ವಿಮಾ ವಿಭಾಗದಲ್ಲಿ ಕೇಳಿ. ಜನರಲ್ ವಾರ್ಡಿನಲ್ಲೂ ಅದೇ ಸರ್ಜನ್ನರೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ತಮ್ಮ ತೋರಿಸಿದ ಎರಡು ಜಾಹೀರಾತಿನಲ್ಲೂ ರೂಮಿನ ಬಾಡಿಗೆಯ ಸುದ್ದಿ ಇರಲಿಲ್ಲ. ಪಾಲಿಸಿ ತೆಗೆದು ನೋಡಿದರೆ ಅಜ್ಜ ಅಜ್ಜಿಯ ಚಿತ್ರವಿದ್ದ ಕಂಪನಿಯದರಲ್ಲಿ ಶೇ. 1ರ ಮಿತಿಯೂ ಇತ್ತು, ಅರವತ್ತು ದಾಟಿದವರಿಗೆ ಶೇ. 20 ಕೋ-ಪೇಯೂ ಇತ್ತು.

'ಮೊದಲ ದಿನದಿಂದಲೇ'

ಇದು ಅಪಘಾತದ ಮಟ್ಟಿಗೆ ನಿಜ. ಉಳಿದ ಕಾಯಿಲೆಗಳಿಗೆ ಸಾಮಾನ್ಯವಾಗಿ ಮೊದಲ 30 ದಿನ ರಕ್ಷಣೆ ಇಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಕೀಲು ಬದಲಾವಣೆಯಂಥ ಪಟ್ಟಿ ಮಾಡಿದ ಚಿಕಿತ್ಸೆಗಳಿಗೆ ಹೆಚ್ಚಿನ ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ಪಾಲಿಸಿ ಮಾಡುವ ಮುಂಚೆಯೇ ಇದ್ದ ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್‌ಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. 2024ರ ಏಪ್ರಿಲ್‌ಗೆ ಮುಂಚೆ ಅದು 48 ತಿಂಗಳಿತ್ತು. ಈ ಒಂದು ವರ್ಷದ ಇಳಿಕೆ ಹಿರಿಯರಿರುವ ಮನೆಗೆ ದೊಡ್ಡ ಅನುಕೂಲ.

ಕೆಲವು ಕಂಪನಿಗಳು ಹೆಚ್ಚಿನ ಪ್ರೀಮಿಯಂ ಕಟ್ಟಿಸಿಕೊಂಡು ಸಕ್ಕರೆ ಕಾಯಿಲೆ, ಬಿಪಿಗೆ ಬೇಗನೆ ರಕ್ಷಣೆ ಕೊಡುತ್ತವೆ. ಅಂಥದ್ದನ್ನು ಹೋಲಿಸುವಾಗ ಕೇಳಬೇಕಾದ ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ಬರುವ ಕಿಡ್ನಿ ತೊಂದರೆ, ಕಾಲಿನ ಹುಣ್ಣು ಕೂಡ ಸೇರಿದೆಯೇ, ಇಲ್ಲ ಸಕ್ಕರೆ ಹೆಚ್ಚಾಗಿ ದಾಖಲಾದರೆ ಮಾತ್ರವೇ?

ಈಗಾಗಲೇ ಪಾಲಿಸಿ ಇದ್ದು ಕಂಪನಿ ಬದಲಿಸುವವರು ಪೋರ್ಟ್ ಮಾಡಿಸಿಕೊಳ್ಳಿ, ಅಂದರೆ ಇರುವ ಪಾಲಿಸಿಯನ್ನೇ ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ, ಹೊಸದಾಗಿ ಕೊಳ್ಳಬೇಡಿ. ಪೋರ್ಟ್ ಮಾಡಿದರೆ ಈವರೆಗೆ ಕಾದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ನವೀಕರಣಕ್ಕೆ ಎರಡು ತಿಂಗಳಿರುವಾಗಲೇ ಅರ್ಜಿ ಹಾಕುವುದು ಕ್ಷೇಮ. ಹೊಸ ಕಂಪನಿ ಬೇಡ ಎಂದರೆ ಹಳೆಯದನ್ನು ನವೀಕರಿಸಲು ಸಮಯ ಉಳಿದಿರಬೇಕು.

'ಮುಗಿದರೆ ಮತ್ತೆ'

ವಿಮಾ ಮೊತ್ತ ಖರ್ಚಾದರೆ ಮತ್ತೆ ತುಂಬಿಕೊಡುವ ಈ ಸೌಲಭ್ಯ ಸುಳ್ಳಲ್ಲ. ಆದರೆ ಒಂದು ಕಂಪನಿಯ 'ಮತ್ತೆ' ಇನ್ನೊಂದರ 'ಮತ್ತೆ'ಯಂತೆ ಇರುವುದಿಲ್ಲ. ಕೆಲವದರಲ್ಲಿ ಮೊತ್ತ ಪೂರ್ತಿ ಮುಗಿದರೆ ಮಾತ್ರ ತುಂಬುತ್ತದೆ, ಕೆಲವದರಲ್ಲಿ ಭಾಗಶಃ ಖರ್ಚಾದರೂ ತುಂಬುತ್ತದೆ. ಕೆಲವದರಲ್ಲಿ ಅದೇ ವ್ಯಕ್ತಿಗೆ ಅದೇ ಕಾಯಿಲೆಗೆ ಎರಡನೇ ಸಲ ಸಿಗುವುದಿಲ್ಲ. ಕ್ಯಾನ್ಸರಿಗೆ ವರ್ಷವಿಡೀ ಚಿಕಿತ್ಸೆ ಪಡೆಯುವವರಿಗೆ, ವಾರಕ್ಕೆರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರಿಗೆ ಈ ಒಂದು ಸಾಲೇ ಎಲ್ಲವನ್ನೂ ನಿರ್ಧರಿಸುತ್ತದೆ. ಇನ್ನೊಂದು ಸಂಗತಿ: ತುಂಬಿದ ಹಣ ಸಾಮಾನ್ಯವಾಗಿ ಎರಡನೇ ಕ್ಲೇಮಿಗೆ ಮೀಸಲು. ಒಂದೇ ಬಿಲ್ಲು 14 ಲಕ್ಷ ಬಂದರೆ 10 ಲಕ್ಷದ ಪಾಲಿಸಿ 20 ಲಕ್ಷವಾಗಿಬಿಡುವುದಿಲ್ಲ.

ದೊಡ್ಡ ಬಿಲ್ಲಿನ ಭಯಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಸೂಪರ್ ಟಾಪ್-ಅಪ್. ಟಾಪ್-ಅಪ್ ಮತ್ತು ಸೂಪರ್ ಟಾಪ್-ಅಪ್ ಹೆಸರು ಹತ್ತಿರ ಹತ್ತಿರ, ಕೆಲಸ ಬೇರೆ. 5 ಲಕ್ಷದ ಮೂಲ ಪಾಲಿಸಿಯ ಮೇಲೆ 5 ಲಕ್ಷ ದಾಟಿದ ಮೇಲೆ ಶುರುವಾಗುವ ಟಾಪ್-ಅಪ್ ಇದೆ ಎನ್ನಿ. ಒಂದೇ ವರ್ಷದಲ್ಲಿ 4 ಲಕ್ಷದ ಎರಡು ಬಿಲ್ಲು ಬಂದವು. ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆಯಾಗಿ ನೋಡುತ್ತದೆ. ಎರಡೂ 5 ಲಕ್ಷದ ಒಳಗಿರುವುದರಿಂದ ಒಂದು ರೂಪಾಯಿಯೂ ಕೊಡುವುದಿಲ್ಲ. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನು ಕೂಡಿಸುತ್ತದೆ. 8 ಲಕ್ಷದಲ್ಲಿ 5 ಕಳೆದು 3 ಲಕ್ಷ ಕೊಡುತ್ತದೆ. ಪ್ರೀಮಿಯಂ ಕಡಿಮೆ ಎಂದು ಬರೀ ಟಾಪ್-ಅಪ್ ಕೊಂಡವರು ಎರಡನೇ ಬಿಲ್ಲಿನ ಹೊತ್ತಿಗೆ ಕೈ ಕೈ ಹಿಸುಕಿಕೊಳ್ಳುತ್ತಾರೆ.

'100ಕ್ಕೆ 98 ಕ್ಲೇಮು ಇತ್ಯರ್ಥ'

ಈ ಅಂಕಿಯನ್ನು ನಾನೂ ಬಹಳ ದಿನ ನಂಬಿದ್ದೆ. ಈಗ ಅದನ್ನು ಬಿಡಿಸಿ ನೋಡುತ್ತೇನೆ. 98 ಎನ್ನುವುದು ಕ್ಲೇಮುಗಳ ಸಂಖ್ಯೆ, ಹಣವಲ್ಲ. ತಲಾ 1 ಲಕ್ಷದ 98 ಕ್ಲೇಮು ಕೊಟ್ಟು, ತಲಾ 1 ಕೋಟಿಯ ಎರಡನ್ನು ತಿರಸ್ಕರಿಸಿದ ಕಂಪನಿಯೂ 'ಶೇ. 98' ಎಂದೇ ಹಾಕಿಕೊಳ್ಳಬಹುದು. ಹಣದ ಲೆಕ್ಕದಲ್ಲಿ ಅದು ಕೇಳಿದ 298 ಲಕ್ಷದಲ್ಲಿ ಕೊಟ್ಟದ್ದು 98 ಲಕ್ಷ, ಮೂರರಲ್ಲಿ ಒಂದು ಪಾಲು. ದೊಡ್ಡ ಮೊತ್ತದ ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ಸತ್ತರೆ ಮಾತ್ರ ಹಣ ಬರುವ ಜೀವ ವಿಮೆ, ಕೊಳ್ಳುವವರಿಗೆ ಬೇಕಾದ್ದು ಹಣದ ಲೆಕ್ಕವೇ. ಆರೋಗ್ಯ ವಿಮೆಯಲ್ಲಿ ಮತ್ತೊಂದು ತೊಡಕು: ಅಪ್ಪನಿಗೆ ಆದಂತೆ 2 ಲಕ್ಷ ಕೇಳಿ 1,12,000 ಸಿಕ್ಕರೂ ಆ ಕ್ಲೇಮು 'ಇತ್ಯರ್ಥ'ದ ಪಟ್ಟಿಯಲ್ಲೇ ಸೇರುತ್ತದೆ.

ಐಆರ್‌ಡಿಎಐ ವಾರ್ಷಿಕ ವರದಿಯಲ್ಲಿ ಎರಡೂ ಲೆಕ್ಕ ನೋಡಬಹುದು. ಅದಕ್ಕಿಂತ ನನಗೆ ಹೆಚ್ಚು ಉಪಯೋಗವಾದದ್ದು, ಗ್ರಾಹಕರ ದೂರು ಕೇಳಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಮಂಡಳಿಯ ವಾರ್ಷಿಕ ವರದಿ. ಯಾವ ಕಂಪನಿಯ ಮೇಲೆ ಎಷ್ಟು ದೂರು ಎಂದು ಅದರಲ್ಲಿ ಇರುತ್ತದೆ. ದೊಡ್ಡ ಕಂಪನಿಗೆ ದೂರೂ ಹೆಚ್ಚಿರುತ್ತದೆ, ಆದ್ದರಿಂದ ಗಾತ್ರಕ್ಕೆ ಹೋಲಿಸಿ ಓದಬೇಕು. ಮೂರು ವರ್ಷದ ಅಂಕಿ ನೋಡಿದರೆ ಕಂಪನಿಯ ನಡತೆ ತಿಳಿಯುತ್ತದೆ.

ಕ್ಯಾಶ್‌ಲೆಸ್

ಕ್ಯಾಶ್‌ಲೆಸ್ ಎಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದು. ಐಆರ್‌ಡಿಎಐಯ 2024ರ ಮೇ ತಿಂಗಳ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಒಪ್ಪಿಗೆ ಮೂರು ಗಂಟೆಯೊಳಗೆ ಕೊಡಬೇಕು, ತಡವಾಗಿ ಆಸ್ಪತ್ರೆ ಹೆಚ್ಚು ವಸೂಲಿ ಮಾಡಿದರೆ ಅದನ್ನು ಕಂಪನಿಯೇ ತೆರಬೇಕು. ಇದು ನಿಯಮದ ಬಲವಿರುವ ಮಾತು, ಹಾಗಾಗಿ ಗಡಿಯಾರ ನೋಡಿ ಕೇಳಬಹುದು. ಆದರೆ 'ಎಲ್ಲ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್' ಎನ್ನುವುದು ಕಂಪನಿಯೊಂದರ ಕೈಯಲ್ಲಿಲ್ಲ, ಆಸ್ಪತ್ರೆಯೂ ಒಪ್ಪಬೇಕು. ಕಂಪನಿಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಮೊದಲೇ ಗೊತ್ತಾದ ಚಿಕಿತ್ಸೆಗೆ ಹೋಗುವುದಾದರೆ 48 ಗಂಟೆ ಮುಂಚೆ ತಿಳಿಸಬೇಕು, ತುರ್ತಾದರೆ ಸೇರಿದ 48 ಗಂಟೆಯೊಳಗೆ. 'ಸಾವಿರಾರು ಆಸ್ಪತ್ರೆಗಳ ಜಾಲ' ಎಂಬ ಸಾಲು ಬಿಟ್ಟು ನಿಮ್ಮ ಊರಿನ ಎರಡು ಆಸ್ಪತ್ರೆಯ ಹೆಸರು ಹುಡುಕಿ. ಆಸ್ಪತ್ರೆಗೇ ಫೋನು ಮಾಡಿ ಕೇಳಿದರೆ ಇನ್ನೂ ಒಳ್ಳೆಯದು, ಪಟ್ಟಿ ಬದಲಾಗುತ್ತಿರುತ್ತದೆ.

ಜೀವ ವಿಮೆಯ ಮೂರು ದಾರಿ

ತಮ್ಮನಿಗೆ ಬ್ಯಾಂಕಿನಲ್ಲಿ ಇನ್ನೊಂದು ಕರಪತ್ರ ಕೊಟ್ಟಿದ್ದರು. ಎಫ್‌ಡಿ ಇಡಲು ಹೋದವನ ಕೈಗೆ 'ಗ್ಯಾರಂಟಿ ಆದಾಯ, ಹಣ ದುಪ್ಪಟ್ಟು' ಎನ್ನುವ ವಿಮೆ ಬಂದಿತ್ತು. ವರ್ಷಕ್ಕೆ 1 ಲಕ್ಷದಂತೆ ಹತ್ತು ವರ್ಷ ಕಟ್ಟಬೇಕು, ಇಪ್ಪತ್ತನೇ ವರ್ಷದ ಕೊನೆಗೆ 20 ಲಕ್ಷ. ಈ ಗ್ಯಾರಂಟಿ ಗಟ್ಟಿ ಮಾತು. ಕಂಪನಿ 20 ಲಕ್ಷ ಕೊಡುತ್ತದೆ. ದುಪ್ಪಟ್ಟು ಎನ್ನುವುದೂ ನಿಜ. ಆದರೆ ಕಾಲವನ್ನು ಲೆಕ್ಕಕ್ಕೆ ತಂದರೆ ಇದು ವರ್ಷಕ್ಕೆ ಸುಮಾರು ಶೇ. 4.5ರ ಬಡ್ಡಿ. 2020ರ ಏಪ್ರಿಲ್‌ನಲ್ಲಿ ಶೇ. 7.1 ಆದ ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ಬಡ್ಡಿ ವರ್ಷಗಟ್ಟಲೆ ಅಲ್ಲೇ ನಿಂತಿತ್ತು. ಆ ದರ ಹಾಗೇ ಇದ್ದರೆ ಇದೇ ಹಣ ಇದೇ ಅವಧಿಗೆ ಸುಮಾರು 29.5 ಲಕ್ಷವಾಗುತ್ತದೆ. ಪಿಪಿಎಫ್ ದರ ಬದಲಾಗಬಹುದು, ವಿಮೆಯದು ಬದಲಾಗದು, ಇದು ವಿಮೆಯ ಪರವಾದ ಮಾತು. ಒಂಬತ್ತೂವರೆ ಲಕ್ಷದ ಅಂತರಕ್ಕೆ ಅದು ಸಾಟಿಯೇ ಎನ್ನುವುದನ್ನು ಕೊಳ್ಳುವವರು ತೂಗಬೇಕು. ಜೊತೆಗೆ ಬರುವ ವಿಮಾ ರಕ್ಷಣೆ ಎಷ್ಟು ಎಂದೂ ಕೇಳಿ. ಸಾಮಾನ್ಯವಾಗಿ ಅದು ವರ್ಷದ ಪ್ರೀಮಿಯಂನ ಹತ್ತು ಪಟ್ಟಿನ ಆಸುಪಾಸು, ಅಂದರೆ 10 ಲಕ್ಷ. ದುಡಿಯುವವನು ಹೋದರೆ ಒಂದು ಕುಟುಂಬ ಅದರಲ್ಲಿ ಎಷ್ಟು ವರ್ಷ ಬದುಕೀತು?

ಎರಡನೆಯದು ಟರ್ಮ್ ಪಾಲಿಸಿ. 'ತಿಂಗಳಿಗೆ ಐನೂರಕ್ಕೆ ಒಂದು ಕೋಟಿ' ಎಂಬ ಜಾಹೀರಾತಿನ ನಕ್ಷತ್ರದ ಗುರುತನ್ನು ಹಿಂಬಾಲಿಸಿದರೆ ಅದು ಇಪ್ಪತ್ತರ ಆಸುಪಾಸಿನ, ಬೀಡಿ ಸಿಗರೇಟು ಸೇದದ, ಕಾಯಿಲೆ ಇಲ್ಲದವರ ದರ ಎಂದು ಗೊತ್ತಾಗುತ್ತದೆ. ಮೂವತ್ತೆಂಟರ ತಮ್ಮನಿಗೆ ಬಂದ ದರ ಅದಕ್ಕಿಂತ ಎಷ್ಟೋ ಹೆಚ್ಚಿತ್ತು. ಆದರೂ ಮೂರರಲ್ಲಿ ನಾನು ಹೇಳುವುದು ಇದನ್ನೇ. ಒಂದು ಕೋಟಿ ಎಂದರೆ ಒಂದು ಕೋಟಿಯೇ, ರೂಮಿನ ಬಾಡಿಗೆ ಕೋ-ಪೇ ಯಾವುದೂ ಅದನ್ನು ಕಡಿಯುವುದಿಲ್ಲ. ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಪಾಲಿಸಿ ಮೂರು ವರ್ಷ ಪೂರೈಸಿದ ಮೇಲೆ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. ವಿಮೆಯ ಎಲ್ಲ ಭರವಸೆಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಇದು.

ಮೂರನೆಯದು 'ಬದುಕಿದ್ದರೆ ಕಟ್ಟಿದ ಹಣ ವಾಪಸ್' ಎನ್ನುವ ಟರ್ಮ್. ವಾಪಸ್ ಬರುವುದು ಬಡ್ಡಿಯಿಲ್ಲದ ಅಸಲು, ಅದಕ್ಕಾಗಿ ಕಟ್ಟುವ ಪ್ರೀಮಿಯಂ ಸಾದಾ ಟರ್ಮ್‌ಗಿಂತ ಬಹಳ ಹೆಚ್ಚು. ಆ ಹೆಚ್ಚಿನ ಹಣವನ್ನು ಅಂಚೆ ಕಚೇರಿಯ ಆರ್‌ಡಿಗೆ ಹಾಕಿದರೂ ಮೇಲು.

'ತೆರಿಗೆ ಉಳಿತಾಯ' ಎಂಬ ಹಳೆಯ ಆಕರ್ಷಣೆ ಇನ್ನೂ ಕರಪತ್ರಗಳಲ್ಲಿ ಇದೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಪ್ರೀಮಿಯಂ ಮೇಲಿನ ತೆರಿಗೆ ವಿನಾಯಿತಿ (ಹಿಂದಿನ 80ಸಿ, 80ಡಿ) ಇಲ್ಲ. ನಿಜವಾಗಿ ಸಿಕ್ಕಿರುವ ಉಳಿತಾಯ ಬೇರೆ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಯ ಪ್ರೀಮಿಯಂ ಮೇಲೆ ಶೇ. 18ರ ಜಿಎಸ್‌ಟಿ ಹೋಗಿದೆ.

ಕೊಳ್ಳುವ ಮುಂಚೆ ಮನೆಯಲ್ಲಿರುವುದನ್ನು ನೋಡಿ

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2018ರಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾದಾಗ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಇಟ್ಟಿದ್ದರು. ಇವು ಟಿವಿಯಲ್ಲಿ ನಟರನ್ನು ಕರೆತಂದು ಹೇಳಿಸುವುದಿಲ್ಲ, ಆದರೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹೃದಯ ಚಿಕಿತ್ಸೆ ಯಶಸ್ವಿನಿಯಿಂದ ಆಗಿದೆ. ಹೆಸರು ನೋಂದಾಯಿಸುವ ತಿಂಗಳು ಯಾವುದು ಎಂದು ಸಂಘದ ಕಾರ್ಯದರ್ಶಿಯನ್ನು ಕೇಳಿಟ್ಟುಕೊಳ್ಳಿ. ತಮ್ಮನಿಗೆ ವಸಂತನರಸಾಪುರದ ಕಾರ್ಖಾನೆಯಿಂದ 3 ಲಕ್ಷದ ಗುಂಪು ವಿಮೆ ಇದೆ; ಕೆಲಸ ಬಿಟ್ಟ ದಿನ ಅದು ಇಲ್ಲ ಎನ್ನುವುದು ಅವನಿಗೂ ಗೊತ್ತಿತ್ತು.

ನಮ್ಮ ಕಡೆಯ ಮಾತು

ಕಂಪನಿ ಮಾತು ತಪ್ಪಲು ನಾವೇ ದಾರಿ ಮಾಡಿಕೊಡುವ ಜಾಗ ಒಂದಿದೆ, ವಿಮೆಗೆ ಅರ್ಜಿ ಹಾಕುವ ಪ್ರೊಪೋಸಲ್ ಫಾರಂ. ಏಜೆಂಟರು 'ಇಲ್ಲಿ ಸೈನ್ ಹಾಕಿ ಸಾರ್, ಉಳಿದದ್ದು ನಾನು ತುಂಬ್ತೀನಿ' ಅನ್ನುತ್ತಾರೆ. ಫಾರಂ ಇಂಗ್ಲಿಷಿನಲ್ಲಿರುತ್ತದೆ. 'ಇದರಲ್ಲಿರುವುದನ್ನು ನನ್ನ ಭಾಷೆಯಲ್ಲಿ ವಿವರಿಸಲಾಗಿದೆ' ಎಂಬ ಸಾಲಿನ ಕೆಳಗೂ ನಮ್ಮದೇ ಸಹಿ ಬೀಳುತ್ತದೆ. ಬಿಪಿ ಇದೆಯೇ ಎಂಬಲ್ಲಿ 'ಇಲ್ಲ' ಎಂದು ಗುರುತಾಗಿದ್ದರೆ, ನಾಳೆ ಕ್ಲೇಮು ತಿರಸ್ಕರಿಸಲು ಅದೊಂದೇ ಸಾಕು. ಆರೋಗ್ಯ ವಿಮೆಯಲ್ಲಿ ಸತತ 60 ತಿಂಗಳು ಕಳೆದ ಮೇಲೆ ವಂಚನೆ ಸಾಬೀತಾಗದ ಹೊರತು ಈ ಕಾರಣ ಎತ್ತುವಂತಿಲ್ಲ, ಆದರೆ ಆ ಐದು ವರ್ಷ ಕಳೆಯಬೇಕಲ್ಲ.

ಪಾಲಿಸಿ ಕೈಗೆ ಬಂದ ಮೇಲೆ 30 ದಿನ ನಮ್ಮದು. ಹೇಳಿದ್ದಕ್ಕೂ ಬರೆದದ್ದಕ್ಕೂ ಹೊಂದದಿದ್ದರೆ ಹಿಂದಿರುಗಿಸಬಹುದು. ಮುಂದೆ ಕ್ಲೇಮಿನಲ್ಲಿ ಅನ್ಯಾಯವಾದರೆ ಮೊದಲು ಕಂಪನಿಗೆ ಬರೆದು ದೂರು ಕೊಡಿ. ತಿರಸ್ಕರಿಸಿದರೆ, ಇಲ್ಲವೇ ಒಂದು ತಿಂಗಳು ಉತ್ತರ ಬಾರದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ವಿವಾದ ಕೇಳುತ್ತಾರೆ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು. ಅಪ್ಪನ ವಿಷಯದಲ್ಲಿ ನಾನು ಹೋಗಲಿಲ್ಲ, ಕಡಿತ ಪಾಲಿಸಿಯ ಪ್ರಕಾರವೇ ಆಗಿತ್ತು. ಕರಪತ್ರವನ್ನಾದರೂ ಜೋಪಾನ ಮಾಡಿದ್ದರೆ ಜಾಹೀರಾತಿನ ಬಗ್ಗೆ ದೂರು ಕೊಡಬಹುದಿತ್ತು. ಈಗ ಮನೆಗೆ ಬರುವ ಪ್ರತಿ ಕರಪತ್ರವನ್ನೂ ಪಾಲಿಸಿಯ ಜೊತೆಗೇ ಇಡುತ್ತೇನೆ, ಏಜೆಂಟರು ಬಾಯಲ್ಲಿ ಹೇಳಿದ್ದನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿ ಎನ್ನುತ್ತೇನೆ.

ತಮ್ಮ ಕೊನೆಗೆ ಎರಡನೇ ಕಂಪನಿಯನ್ನೇ ಆರಿಸಿದ. 'ಎಷ್ಟು ಸಲ ಬೇಕಾದರೂ' ಎಂಬ ಮಾತಿಗೆ ಮರುಳಾಗಿ ಅಲ್ಲ, ಅದರಲ್ಲಿ ಅದೇ ಕಾಯಿಲೆಗೆ ಮತ್ತೆ ತುಂಬುವುದಿಲ್ಲ ಎಂಬ ಸಾಲು ನಮಗೆ ಸಿಕ್ಕಿತ್ತು. ಆರಿಸಿದ್ದು ರೂಮಿಗೆ ಮಿತಿಯಿಲ್ಲ ಎಂದು, ಹೆಚ್ಚು ಕಟ್ಟಿದರೆ ಕೋ-ಪೇ ತೆಗೆಯುತ್ತಾರೆ ಎಂದು. ಒಂದೇ ಪಾಲಿಸಿಯಲ್ಲಿ ಎಲ್ಲರನ್ನೂ ಸೇರಿಸಿದರೆ ಹಿರಿಯರ ವಯಸ್ಸಿನ ಮೇಲೆ ಪ್ರೀಮಿಯಂ ನಿಗದಿಯಾಗುವುದರಿಂದ ಅವನು, ಹೆಂಡತಿ, ಮಗಳಿಗೆ ಒಂದು, ಚಿಕ್ಕಪ್ಪ ಚಿಕ್ಕಮ್ಮನಿಗೆ 5 ಲಕ್ಷದ ಇನ್ನೊಂದು, ಅದರ ಮೇಲೊಂದು ಸೂಪರ್ ಟಾಪ್-ಅಪ್ ಎಂದಾಯಿತು.

ಮಾಹಿತಿ ಹಾಳೆಯನ್ನು ಕನ್ನಡದಲ್ಲಿ ಕೇಳಿ ತರಿಸಿದೆವು. ಎರಡು ಸಲ ಇಮೇಲ್ ಮಾಡಬೇಕಾಯಿತು. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ಪೂರ್ತಿ ಓದಿದರು. ಮೊದಲೇ ಇದ್ದ ಕಾಯಿಲೆಯ ಸಾಲಿಗೆ ಬಂದಾಗ ಬೆರಳಿಟ್ಟು, "ನಾನು ಆರು ವರ್ಷದಿಂದ ಬಿಪಿ ಮಾತ್ರೆ ನುಂಗ್ತಿದ್ದೀನಲ್ಲಮ್ಮ, ಅದನ್ನ ಎಲ್ಲಿ ಬರೆದಿದ್ದಾರೆ?" ಅಂದರು. ಪಾಲಿಸಿಯ ಜೊತೆ ಬಂದಿದ್ದ ಪ್ರೊಪೋಸಲ್ ಫಾರಮಿನ ಪ್ರತಿ ತೆಗೆದು ನೋಡಿದರೆ ಆ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಗುರುತಾಗಿತ್ತು. ಪಾಲಿಸಿ ಬಂದು ಹನ್ನೊಂದನೇ ದಿನ ಅದು. ಅವತ್ತೇ ಡಾಕ್ಟರ ಚೀಟಿಯ ಚಿತ್ರ ಸೇರಿಸಿ ತಿದ್ದುಪಡಿಗೆ ಬರೆದೆವು. ಪ್ರೀಮಿಯಂ ಸ್ವಲ್ಪ ಏರಿತು, ಬಿಪಿಗೆ ಮೂರು ವರ್ಷ ಕಾಯಬೇಕು ಎಂಬ ಸಾಲು ಸೇರಿತು. ತಿದ್ದಿ ಬಂದ ಹಾಳೆಯನ್ನು ಚಿಕ್ಕಪ್ಪ ಮತ್ತೊಮ್ಮೆ ಓದಿ, ಜಮೀನಿನ ಪಹಣಿ ಇಡುವ ಕಡತದಲ್ಲಿ ಸೇರಿಸಿದರು.